ನಡುಗೋಡೆಗೆ ಎರಡು ಸಬ್‌ವೂಫರ್

ನಾನು ನಿಂತಿದ್ದ ಜಾಗ ಇದು. ಇಳಕಲ್ಲಿನಲ್ಲಿ ನನ್ನ ತಮ್ಮ ಈರಣ್ಣನ ಮನೆಯ ಹಿಂದಿನ ಕೋಣೆ. ಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಸಿಗುವ ಗೋಡೆ. ಆ ಗೋಡೆಯಿಂದ ಒಂದು ಮೊಳ ದೂರ. ಎಡಗೈಯಲ್ಲಿ ಟಾರ್ಚು. ಬಲ ಅಂಗೈ ಗೋಡೆಯ ಮೇಲೆ, ನನ್ನ ಎದೆಯ ಮಟ್ಟಕ್ಕೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಎದುರು ಗೋಡೆಯ ಗಡಿಯಾರದ ಗಾಜು ಝರ್ ಎಂದು ಅದುರುತ್ತಿತ್ತು. ಅದಕ್ಕೇ ನಾನು ಆ ಕಡೆ ನೋಡಿದ್ದು, ಅದಕ್ಕೇ ವೇಳೆ ನೆನಪಿರುವುದು.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಆ ದಿನದ ಸಂಗತಿಯನ್ನು ಓಣಿಯಲ್ಲಿ ಈಗ ಮೂರು ಬಗೆಯಾಗಿ ಹೇಳುತ್ತಾರೆ. ಒಂದರಲ್ಲಿ ನಾನು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಇನ್ನೊಂದರಲ್ಲಿ ಸೋಫಾದ ಮೇಲೆ ಕುಳಿತಿದ್ದೆ. ಮೂರನೆಯದರಲ್ಲಿ ನಾನು ಇಳಕಲ್ಲಿಗೆ ಬಂದೇ ಇರಲಿಲ್ಲ, ತುಳಸಿಗೇರಿಗೆ ಹನುಮಪ್ಪನ ದರ್ಶನಕ್ಕೆ ಹೋಗಿದ್ದೆ. ಈ ಮೂರನೆಯ ಜಾಗ ನನ್ನ ತಮ್ಮ ನನಗೆ ಪ್ರೀತಿಯಿಂದ ಕೊಟ್ಟದ್ದು. ನನಗೆ ಅದು ಬೇಡ. ನಾನು ನಿಂತಿದ್ದ ಜಾಗವೇ ನನಗಿರಲಿ.

ಇದನ್ನೆಲ್ಲ ನಿಮ್ಮ ಮುಂದೆ ತೆಗೆಯುವಂತೆ ಮಾಡಿದ್ದು ಒಂದು ತುಂಡು ಕೇಬಲ್. ಬಾಗಲಕೋಟೆಯ ವಿದ್ಯಾಗಿರಿಯ ನನ್ನ ಮನೆಯಲ್ಲಿ, ಕನ್ನಡಕದ ಡಬ್ಬಿಯ ಪಕ್ಕದಲ್ಲಿ ಒಂದು ತಿಂಗಳು ಬಿದ್ದಿತ್ತು. ಗೇಣುದ್ದ, ಕಪ್ಪು ಬಣ್ಣ. ಒಂದು ಕಡೆ ಒಂದು ತಲೆ, ಇನ್ನೊಂದು ಕಡೆ ಕವಲೊಡೆದು ಎರಡು. ಆ ಭಾನುವಾರ ಗಡಿಬಿಡಿಯಲ್ಲಿ ಅಂಗಿಯ ಕಿಸೆಯಲ್ಲಿ ಬಂದುಬಿಟ್ಟಿತ್ತು. ಹೋದ ಸೋಮವಾರ ಈರಣ್ಣ ಫೋನ್ ಮಾಡಿದ.

"ಅಣ್ಣಾ, ಆ ಕವಲ ಕೇಬಲ್ ನಿನ್ನ ಹಂತ್ಯಾಕ ಐತೇನು? ಎರಡನೇ ಸಬ್‌ವೂಫರ್ ಡಬ್ಬಿ ಮಾತಾಡವಲ್ದು. ಗ್ವಾಡಿಗೆ ಫೋಮ್ ಹಚ್ಚೇನಿ, ಈಗ ಏನೂ ಆಗಂಗಿಲ್ಲ. ಬಂದು ಜೋಡ್ಸಿ ಕೊಟ್ಟು ಹೋಗು."

ನಾನು ಫೋನ್ ಇಟ್ಟೆ. ನನ್ನ ಹೆಂಡತಿ ಬಿ.ಪಿ. ಗುಳಿಗೆ ತಂದಳು. ಗುಳಿಗೆಯಿಂದ ಇಳಿಯುವ ಸಿಟ್ಟು ಅದಾಗಿರಲಿಲ್ಲ.

ಸಬ್‌ವೂಫರ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಸಿನಿಮಾದಲ್ಲಿ ಬಾಂಬು ಬಿದ್ದಾಗ, ಆನೆ ನಡೆದಾಗ, ಹೊಟ್ಟೆಯೊಳಗೆ ಧಿಮ್ ಎನ್ನುತ್ತದಲ್ಲ, ಆ ತಗ್ಗು ದನಿಯನ್ನಷ್ಟೇ ಹೊರಡಿಸುವ ಪೆಟ್ಟಿಗೆ ಅದು. ಈರಣ್ಣ ಗ್ರಾನೈಟ್ ವ್ಯಾಪಾರದವನು. ಹಿಂದಿನ ಕೋಣೆಗೆ ದೊಡ್ಡ ಪರದೆ, ಗೋಡೆಗೆ ಸ್ಪೀಕರು, ಎಲ್ಲಕ್ಕೂ ದನಿ ಹಂಚುವ ರಿಸೀವರು, ಹೀಗೆ ಮನೆಯಲ್ಲೇ ಟಾಕೀಸು ಮಾಡಿಕೊಂಡಿದ್ದ. ಒಂದು ಸಬ್‌ವೂಫರ್ ಮೊದಲೇ ಇತ್ತು. ಯಾರದೋ ಮನೆಯಲ್ಲಿ ಎರಡು ನೋಡಿ ಬಂದ. ಅಲ್ಲಿಗೆ ಒಂದು ಸಾಲದಾಯಿತು. ಹೊಸದು ಬಂತು, ಹಳೆಯದಕ್ಕಿಂತ ಹಿರಿದು, ಹಿಟ್ಟಿನ ಡಬ್ಬಿಯಷ್ಟು ಎತ್ತರ. ಬಂದ ದಿನವೇ ನನಗೆ ಫೋನು: "ಅಣ್ಣಾ, ಡಬ್ಬಿ ಎರಡ ಅದಾವು, ರಿಸೀವರ್‌ಗೆ ತೂತು ಒಂದ ಐತಿ. ಏನ್ ಮಾಡೂದು?"

ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನಿವೃತ್ತ ಮಾಸ್ತರನಿಗೆ ಇಂಥ ಫೋನ್ ಬಂದರೆ ಏನಾಗುತ್ತದೆ ಎಂದು ಹೇಳಲು ನಾಚಿಕೆ. ಎದ್ದು, ಇಸ್ತ್ರಿಯ ಅಂಗಿ ತೊಟ್ಟು, ಟಾರ್ಚು, ಟೇಪು, ಒಂದು ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅದಕ್ಕೂ ಮೊದಲು ಬಾಗಲಕೋಟೆಯ ಅಂಗಡಿಯೊಂದರಲ್ಲಿ ಈ ಕವಲ ಕೇಬಲ್ಲನ್ನು ನಾನೇ ಆರಿಸಿ ಕೊಂಡಿದ್ದೆ. ಅಂಗಡಿಯವನಿಗೂ ಐದು ನಿಮಿಷ ಪಾಠ ಹೇಳಿದೆ. ಪಾಪ, ಕೇಳಿಕೊಂಡ.

ಈಗ ಗೋಡೆಯ ವಿಷಯ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಈರಣ್ಣನ ಮನೆಗೂ ಪಕ್ಕದ ಗಂಗಕ್ಕನ ಮನೆಗೂ ಒಂದೇ ಗೋಡೆ. ಕಲ್ಲು ಮಣ್ಣಿನ ದಪ್ಪ ನಡುಗೋಡೆ, ಇಬ್ಬರದೂ ಹೌದು, ಒಬ್ಬರದೂ ಅಲ್ಲ. ನಾವಿಬ್ಬರೂ ಹುಟ್ಟಿದ ಮನೆ ಅದು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಗಂಗಕ್ಕ ಆಚೆಮನೆಗೆ ಸೊಸೆಯಾಗಿ ಬಂದಳು. ಬಂದ ವರ್ಷವೇ ಮಗ್ಗದ ಕುಣಿಗೆ ಇಳಿದಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ ಅದು. ನಡುಗೋಡೆಗೆ ಹತ್ತಿಯೇ ಇದೆ. ಅದರ ದಡಕ್ ದಡಕ್ ನಮ್ಮ ಗೋಡೆಯೊಳಗಿಂದ ಬರುತ್ತಿತ್ತು. ಗೋಡೆಗೆ ಬೆನ್ನು ಹಚ್ಚಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಹದಿಮೂರರ ಮಗ್ಗಿ ಇವತ್ತಿಗೂ ನನಗೆ ಅದೇ ತಾಳದಲ್ಲೇ ಬರುವುದು.

ಆ ಗೋಡೆಗೆ ಒಂದು ಕಟ್ಟಳೆ ಇತ್ತು. ಮೊಳೆ ಹೊಡೆಯಬೇಕಾದರೆ ಮೊದಲು ಆಚೆಮನೆಗೆ ಹೋಗಿ ಹೇಳಬೇಕು. ಆಚೆ ಬದಿಯ ಮಾಡದಲ್ಲಿ, ಎಂದರೆ ಗೋಡೆಯ ಗೂಡಿನಲ್ಲಿ, ಹಚ್ಚಿಟ್ಟ ಹಣತೆ ಇರಬಹುದು, ಹಲಗೆಯ ಮೇಲೆ ತುಪ್ಪದ ಗಡಿಗೆ ಇರಬಹುದು. ಹೇಳುವ ಕೆಲಸ ನನ್ನದು. ಓಡಿಹೋಗಿ ಹೊಸ್ತಿಲ ಹೊರಗೇ ನಿಂತು, "ಮೊಳಿ ಹೊಡೀತೀವ್ರಿ, ಸಾಮಾನ ಇಳಸ್ರಿ" ಎಂದು ಕೂಗಿ ಓಡಿಬರುತ್ತಿದ್ದೆ. ಆಮೇಲೆ ಎಲ್ಲರೂ ಗೋಡೆಯ ಕಡೆ ಕಿವಿಗೊಡಬೇಕು. ಆಚೆಯಿಂದ ಒಂದು ಸಲ ಬಡಿದರೆ, ಹೊಡಿ. ಎರಡು ಸಲ ಬಡಿದರೆ, ತಡಿ.

ಒಮ್ಮೆ ನಮ್ಮಪ್ಪ ಕನ್ನಡಿ ತೂಗುಹಾಕಲು ಸ್ಟೂಲು ಹತ್ತಿ ಸುತ್ತಿಗೆ ಎತ್ತಿದ್ದ. ಆಚೆಯಿಂದ ಎರಡು ಬಡಿತ. ಅಪ್ಪ ತಡೆದ. ಐದು ನಿಮಿಷ, ಹತ್ತು ನಿಮಿಷ. ಒಂದು ಬಡಿತ ಬರಲೇ ಇಲ್ಲ. ಅಪ್ಪ ಸಿಡುಕಿನ ಮನುಷ್ಯ. ಅನ್ನಕ್ಕೆ ಉಪ್ಪು ತಡವಾದರೆ ತಾಟು ಸರಿಸುವವನು. ಸ್ಟೂಲಿನ ಮೇಲೆ ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು ನಿಂತೇ ಇದ್ದ. ಕಡೆಗೆ ನನ್ನನ್ನು ಓಡಿಸಿದ. ಗಂಗಕ್ಕ ಕೂಸಿಗೆ ಹಾಲು ಕುಡಿಸುತ್ತ ಹಾಗೇ ನಿದ್ದೆ ಹೋಗಿದ್ದಳು. ಬಂದು ಹೇಳಿದೆ. ಅಪ್ಪ ಬಯ್ಯಲಿಲ್ಲ. ಸುತ್ತಿಗೆ ಇಳಿಸಿದ, ಸ್ಟೂಲು ಇಳಿದ, "ನಾಳಿ ಹೊಡದ್ರಾತು" ಅಂದ. ಕನ್ನಡಿ ಮೂರು ದಿನ ನೆಲದ ಮೇಲೆ ಗೋಡೆಗೊರಗಿ ನಿಂತಿತ್ತು. ನಮ್ಮವ್ವ ಕುಕ್ಕರುಗಾಲಿನಲ್ಲಿ ಕೂತು ಕುಂಕುಮ ಹಚ್ಚಿಕೊಂಡಳು.

ಅಂಥ ಅಪ್ಪನ ಇಬ್ಬರು ಮಕ್ಕಳು ನಾವು. ಒಬ್ಬ ವಿಜ್ಞಾನದ ಮಾಸ್ತರ, ಇನ್ನೊಬ್ಬ ಕಲ್ಲಿನ ವ್ಯಾಪಾರಿ. ಕಲ್ಲಿನ ಬಗ್ಗೆ, ಕಂಪನದ ಬಗ್ಗೆ ನಮ್ಮಿಬ್ಬರಿಗಿಂತ ಹೆಚ್ಚು ಗೊತ್ತಿರುವವರು ಆ ಓಣಿಯಲ್ಲಿ ಇನ್ನಾರು?

ಭಾನುವಾರ ಒಂಬತ್ತಕ್ಕೆ ಕೆಲಸ ಶುರುವಾಯಿತು. ರಿಸೀವರಿನ ಒಂದು ತೂತಿಗೆ ಕವಲ ಕೇಬಲ್ಲಿನ ಒಂಟಿ ತಲೆ. ಎರಡು ತಲೆಗಳಿಂದ ಎರಡು ಉದ್ದ ತಂತಿ, ಎರಡು ಪೆಟ್ಟಿಗೆಗೆ. ಇದು ಸಣ್ಣ ಕೆಲಸ. ಪೆಟ್ಟಿಗೆಗಳನ್ನು ಎಲ್ಲಿ ಇಡಬೇಕು ಎನ್ನುವುದೇ ದೊಡ್ಡದು. ಅದಕ್ಕೊಂದು ವಿಧಾನವಿದೆ, ನಾನು ಓದಿಕೊಂಡು ಹೋಗಿದ್ದೆ. ಪೆಟ್ಟಿಗೆಯನ್ನು ನಾವು ಕೂರುವ ಸೋಫಾದ ಮೇಲೆ ಕೂರಿಸಬೇಕು, ನಾವು ನೆಲದ ಮೇಲೆ ಅಂಬೆಗಾಲಿನಲ್ಲಿ ಗೋಡೆಯ ಗುಂಟ ಹೋಗಬೇಕು. ಎಲ್ಲಿ ದನಿ ತುಂಬಿ ಕೇಳುತ್ತದೆಯೋ ಅದೇ ಪೆಟ್ಟಿಗೆಯ ಜಾಗ. ಅರವತ್ತು ದಾಟಿದವನು ಮೊಣಕಾಲಿನ ಮೇಲೆ ಕೋಣೆ ಸುತ್ತುತ್ತಿದ್ದಾಗ ಈರಣ್ಣನ ಹೆಂಡತಿ ಕಸ್ತೂರಿ ಚಹಾ ತಂದಳು.

"ಏನ್ ಕಳಕೊಂಡ್ರಿ ಭಾವಾರ?"

"ದನಿ ಹುಡಕಾಕತ್ತೇನವ್ವಾ."

"ಸಿಕ್ಕರ ಹೇಳ್ರಿ, ಕಸದಾಗ ಗುಡಿಸಿ ಒಗದೇನು."

ಸಿಕ್ಕಿತು. ನಡುಗೋಡೆಯ ಎರಡು ಮೂಲೆಗಳಲ್ಲಿ. ಕಲ್ಲುಗೋಡೆ ದನಿಯನ್ನು ಹಿಡಿದು ಕೋಣೆಗೇ ತಿರುಗಿಸುತ್ತಿತ್ತು. ಎರಡನ್ನೂ ಗೋಡೆಗೆ ಹತ್ತಿಸಿ ಇಟ್ಟೆವು. ಆದರೆ ಸೋಫಾದ ಮೇಲೆ ಕೂತರೆ ಧಿಮ್ ಇಲ್ಲವೇ ಇಲ್ಲ. ಮೊದಲು ಒಂದಿದ್ದಾಗ ಇದ್ದಷ್ಟೂ ಇಲ್ಲ. ಈರಣ್ಣ ರಿಮೋಟ್ ಒತ್ತಿ ದನಿ ಏರಿಸಿದ, ಇನ್ನೂ ಏರಿಸಿದ. "ಎರಡ ಎಮ್ಮಿ ಕಟ್ಟಿ ಹಾಲ ಕಮ್ಮಿ ಆತಲ್ಲೋ" ಅಂದ.

ಕಾರಣ ನನಗೆ ಹೊಳೆಯಿತು. ಪೆಟ್ಟಿಗೆಯ ಬೆನ್ನಿಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಒಂದರಲ್ಲಿ ಅದು ಮೇಲಿದ್ದು ಇನ್ನೊಂದರಲ್ಲಿ ಕೆಳಗಿದ್ದರೆ, ಒಂದು ಪೆಟ್ಟಿಗೆ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಎರಡೂ ದುಡಿದು ಕೂಡಿದರೆ ಸೊನ್ನೆ. ಎಷ್ಟು ಸಂತೋಷವಾಯಿತು ನನಗೆ! ಕಪ್ಪುಹಲಗೆ ಇದ್ದಿದ್ದರೆ ಚಿತ್ರ ಬಿಡಿಸುತ್ತಿದ್ದೆ. ತಗ್ಗಿನಿಂದ ಮೇಲಕ್ಕೂ ಮೇಲಿನಿಂದ ತಗ್ಗಿಗೂ ಜಾರುವ ಒಂದು ಪರೀಕ್ಷೆಯ ದನಿಯನ್ನು ಈರಣ್ಣನ ಮೊಬೈಲಿನಿಂದ ಹಚ್ಚಿಸಿದೆ. ಆಗ ಬಾಗಿಲಲ್ಲಿ ನಿಂತು ಕಸ್ತೂರಿ ಕೇಳಿದಳು: "ಗಂಗಕ್ಕಾರಿಗೆ ಹೇಳಿ ಬಂದೀರೇನ್ರಿ?"

ನಾನು ತಿರುಗಿಯೂ ನೋಡದೆ ಅಂದೆ: "ಮೊಳಿ ಹೊಡ್ಯಾಕತ್ತಿಲ್ಲಲ್ಲವ್ವಾ!"

ಈ ಮಾತನ್ನು ನಾನು ಹೆಮ್ಮೆಯಿಂದ ಅಂದೆ. ಅದನ್ನೂ ಬರೆದಿಡುತ್ತೇನೆ. ಗೋಡೆಗೆ ಒಂದು ಗೀರೂ ಬೀಳದಂತೆ ಕೆಲಸ ಮಾಡಿದ್ದೇನೆ ಎಂಬ ಹೆಮ್ಮೆ.

ದನಿ ಇಳಿಸದೆಯೇ ಗುಂಡಿ ಬದಲಿಸಿದೆ. ಈರಣ್ಣ ಏರಿಸಿಟ್ಟದ್ದು ಏರಿಯೇ ಇತ್ತು. ಎರಡು ಪೆಟ್ಟಿಗೆಗಳೂ ಕೂಡಿಯೇ ತಳ್ಳಿದವು. ಜಾರುತ್ತಿದ್ದ ದನಿ ಒಂದು ತಗ್ಗಿಗೆ ಬಂದಾಗ ಗಡಿಯಾರದ ಗಾಜು ಹಾಡಿತು. "ಅಲ್ಲೇ ನಿಂದ್ರಸು" ಅಂದೆ. ಬಲ ಅಂಗೈ ಗೋಡೆಯ ಮೇಲಿಟ್ಟೆ. ಗೋಡೆ, ಉಸಿರು ಹಿಡಿದ ದನದ ಪಕ್ಕೆಯ ಹಾಗೆ, ನನ್ನ ಅಂಗೈಯೊಳಗೆ ನಡುಗುತ್ತಿತ್ತು. ಆಗ, ಆ ನಡುಕದ ನಡುವೆ, ಬೇರೆಯದೇ ಒಂದು ಪೆಟ್ಟು ನನ್ನ ಕೈಗೆ ಹತ್ತಿತು. ಮತ್ತೊಂದು. ಎರಡು. ಆಮೇಲೆ ಇಲ್ಲ.

ನಾನು ಏನು ಹೇಳಿದೆ ಗೊತ್ತೇ? "ಎರಡನೇದು ಕೂಡ್ತು! ಇನ್ನ ಎರಡ ಏರಸು" ಅಂದೆ.

ಈರಣ್ಣ ಏರಿಸಿದ.

ಗೋಡೆಯಾಚೆ ನಡೆದದ್ದನ್ನು ನಾನು ಕಂಡಿಲ್ಲ. ಗಂಗಕ್ಕನ ಸೊಸೆ ಸುವರ್ಣಾ ಕಂಡಿದ್ದಾಳೆ. ಅವಳು ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಗಂಗಕ್ಕ ಮಗ್ಗದಲ್ಲಿ ಕೂತು ಸೆರಗು ಜೋಡಿಸುತ್ತಿದ್ದಳು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಕೆಂಪು ಎಳೆಯನ್ನು ಕೈಯಿಂದಲೇ ಕೊಂಡಿ ಹಾಕಿ ಕೂಡಿಸಬೇಕು. ಒಂದು ತಪ್ಪಿದರೆ ಸಾಲೇ ತಪ್ಪುತ್ತದೆ. ಓಣಿಯಲ್ಲಿ ಯಾರ ಮಗ್ಗದಲ್ಲಿ ಈ ಕೆಲಸ ಬಂದರೂ ಗಂಗಕ್ಕನನ್ನು ಕರೆಯುತ್ತಿದ್ದರು. ಅವಳ ಕೊಂಡಿ ತಪ್ಪಿದ್ದು ಯಾರೂ ಕಂಡಿರಲಿಲ್ಲ.

ಮೊದಲು ಗುಂಯ್ ಎಂದಾಗ ಹಿಟ್ಟಿನ ಗಿರಣಿ ಅಂದುಕೊಂಡಳಂತೆ. ಗೋಡೆಯ ಮಣ್ಣು ಸುರಿದಾಗ ಲಾಳಿಯಿಂದ ಗೋಡೆಗೆ ಎರಡು ಸಲ ಬಡಿದಳು. ಬಡಿದು, ತಿರುಗಿ ತನ್ನ ಎಳೆಗಳಿಗೆ ಕೈ ಹಚ್ಚಿದಳು. ಎದ್ದು ಸರಿಯಲಿಲ್ಲ. ಎರಡು ಬಡಿದ ಮೇಲೆ ಆಚೆಯವರು ತಡೆಯಲಿಲ್ಲ ಎನ್ನುವುದು ಅವಳ ಐವತ್ತು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ತಲೆಯ ಮೇಲಿನ ಹಲಗೆಯಲ್ಲಿ, ಗೋಡೆಗೆ ಒತ್ತಿ ಒಳಗಿಟ್ಟಿದ್ದ ಎರಡು ಕಲ್ಲುಗುಂಡುಗಳಿದ್ದವು, ಹಾಸಿನ ಉದ್ದ ಎಳೆಗಳನ್ನು ಬಿಗಿ ಮಾಡಲು ಜೋತುಬಿಡುವಂಥವು. ಅವು ನಡೆಯತೊಡಗಿದವು. "ಹೆಜ್ಜಿ ಹಾಕಿದಂಗ ಬಂದೂರಿ" ಎಂದಳು ಸುವರ್ಣಾ. ನಾನು ತರಗತಿಯಲ್ಲಿ ತಗಡಿನ ಮೇಲೆ ಜೋಳ ಹರವಿ ತಗಡನ್ನು ಮಿಡಿದು ಕಾಳುಗಳನ್ನು ಕುಣಿಸಿ ತೋರಿಸುತ್ತಿದ್ದೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು.

ಸುವರ್ಣಾ "ಅತ್ತೀ!" ಎಂದು ಚೀರಿದಳು. ಗಂಗಕ್ಕ ಮೇಲೆ ನೋಡಿದಳು. ಕೈ ಹಿಂದೆ ಎಳೆದುಕೊಳ್ಳಲು ವೇಳೆ ಇತ್ತು. ಅವಳು ಎಳೆದುಕೊಳ್ಳಲಿಲ್ಲ. ಅರ್ಧ ಕೂಡಿಸಿದ ಎಳೆಗಳ ಮೇಲೆ ಬಲಗೈ ಅಡ್ಡ ಹಿಡಿದಳು.

ಆ ಚೀರು ನಮಗೆ ಕೇಳಿತು. ರಿಸೀವರಿನತ್ತ ಧಾವಿಸಿದಾಗ ನನ್ನ ಕೈ ತಟ್ಟಿ ಕವಲ ಕೇಬಲ್ ಕಿತ್ತುಬಂತು. ಕಿಸೆಗೆ ಹೋದದ್ದು ಆಗಲೇ ಇರಬೇಕು. ಈರಣ್ಣನ ಕಾರಿನಲ್ಲೇ ಗಂಗಕ್ಕನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಅಂದಳು: "ಹೇಳಿದ್ರ ಇಳಸ್ತಿದ್ನೆಲ್ಲೋ ತಮ್ಮಾ." ಮೂರು ಬೆರಳು ಮುರಿದಿದ್ದವು. ಒಂದು ಸರಿಹೋಗಿದೆ. ಎರಡು ಈಗಲೂ ಮಡಚುವುದಿಲ್ಲ.

ಇಲ್ಲಿಗೆ ಇದು ಒಂದು ಅವಘಡ. ಅವಘಡಕ್ಕೆ ದುಃಖಪಡಬಹುದು, ಸಿಟ್ಟಾಗುವಂತಿಲ್ಲ. ನನ್ನ ಸಿಟ್ಟು ಆಮೇಲಿನದು.

ನಾಲ್ಕನೆಯ ದಿನ ಗಂಗಕ್ಕನ ಪಡಸಾಲೆಯಲ್ಲಿ ಓಣಿಯ ಹಿರಿಯರು ನಾಲ್ಕು ಮಂದಿ ಕೂತಿದ್ದರು. ಈರಣ್ಣ ಹಣ್ಣು ತಂದಿದ್ದ. ಹಣ್ಣು ಕೊಟ್ಟು ಕೂತು, ಮೆತ್ತಗೆ ಹೇಳಿದ: "ದವಾಖಾನಿದು ನಾ ನೋಡ್ಕೊತೀನ್ರಿ. ಆದ್ರ ಸೌಂಡಿನಿಂದ ಆತು ಅನ್ನಬ್ಯಾಡ್ರಿ. ವಯಸ್ಸಾಗೈತಿ, ಕಣ್ಣು ಮಂಜಾಗ್ಯಾವು. ಕಲ್ಲು ಹಲಗಿ ಅಂಚಿಗೆ ಇಟ್ಟಿದ್ದಾರು. ಅದು ಯಾವಾಗಿದ್ರೂ ಬೀಳೂದ."

ಗಂಗಕ್ಕ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೋವಿಗೆ ಬದಲಾಗದ ಮುಖ ಆ ಮಾತಿಗೆ ಬದಲಾಯಿತು. "ಅಂಚಿಗೆ ಇಟ್ಟಿದ್ನೇನು ನಾ?" ಅಂದಳು. "ಮಗ್ಗದ ಮ್ಯಾಲ ಕಲ್ಲು, ಅಂಚಿಗೆ? ನಾನು?"

ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಮಾಸ್ತರ ಅಲ್ಲೇ ಇದ್ರು. ಸೈನ್ಸ್ ಓದಿದವ್ರು. ನೀವ ಹೇಳ್ರಿ, ಸೌಂಡಿಗೆ ಕಲ್ಲು ಸರೀತೈತೇನು?"

ಸರಿಯುತ್ತದೆ ಎನ್ನಬೇಕಿತ್ತು. ಎರಡು ಬಡಿತ ನನ್ನ ಅಂಗೈಗೆ ಹತ್ತಿತ್ತು ಎನ್ನಬೇಕಿತ್ತು. ಈರಣ್ಣ ನನ್ನನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳಲ್ಲಿ ನಾನು ಕೆಂಪು ಗೆರೆ ಎಳೆಯುತ್ತಿದ್ದಂಥ ಒಂದು ವಾಕ್ಯ ನನ್ನ ಬಾಯಿಂದ ಬಂತು: "ಖಾತ್ರಿ ಹೇಳಾಕ ಬರಂಗಿಲ್ಲ."

ಯಾರೂ ಮುಂದೆ ಕೇಳಲಿಲ್ಲ. ಹಣ್ಣು ಹಂಚಿದರು. ನಾನೂ ಒಂದು ಬಾಳೆಹಣ್ಣು ತಿಂದೆ.

ಅಂದಿನಿಂದ ಗಂಗಕ್ಕನನ್ನು ಯಾರೂ ಸೆರಗಿಗೆ ಕರೆಯಲಿಲ್ಲ. ಅವಳ ಕೈ ಇಲ್ಲದಿದ್ದರೂ ಕಣ್ಣಿತ್ತು. ಪಕ್ಕದಲ್ಲಿ ಕೂತು, ಇಗೋ ಈ ಎಳೆ, ಇಗೋ ಆ ಎಳೆ ಎಂದು ಹೇಳಬಹುದಿತ್ತು. ಆದರೆ ಕಣ್ಣು ಮಂಜು, ಕಲ್ಲನ್ನು ಅಂಚಿಗಿಡುವವಳು ಎಂದ ಮೇಲೆ ಎಳೆ ಹೇಗೆ ತೋರಿಸಿಯಾಳು? ಒಂದು ಹಸಿ ಸುಳ್ಳು, ಅದರ ಮೇಲೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ನನ್ನ ಒಂದು ಮಾತು. ಎರಡೂ ಕೂಡಿಯೇ ತಳ್ಳಿದವು.

ಫೋನ್ ಬಂದ ಮರುದಿನ, ಮಂಗಳವಾರ, ಕೇಬಲ್ಲನ್ನು ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹುನಗುಂದದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಹತ್ತಿ, ಎದ್ದು ನಮಸ್ಕಾರ ಮಾಡಿ, "ಸರ್, ನೀವು ಬಾದಾಮಿ ಟ್ರಿಪ್ಪಿನ್ಯಾಗ ಕೆರಿ ದಂಡಿ ಮ್ಯಾಲ ಚಪ್ಪಾಳಿ ಹೊಡದು ಕಲ್ಲಿನಿಂದ ದನಿ ಹೊಳ್ಳಿ ಬರೂದ ತೋರ್ಸಿದ್ರಿ, ನೆನಪೈತಿ" ಅಂದ. ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಕ್ಷಮಿಸಲಿ.

ಈರಣ್ಣನ ಬಾಗಿಲು ದಾಟಿ ಗಂಗಕ್ಕನ ಬಾಗಿಲಿಗೆ ಹೋದೆ. ಮಗ್ಗದ ಮೇಲೆ ಅದೇ ಸೀರೆ, ಅರ್ಧ ಕೂಡಿದ ಸೆರಗು, ಧೂಳು ಬೀಳದಂತೆ ಮೇಲೆ ಬಿಳಿ ಬಟ್ಟೆ. ಕೂರು ಎನ್ನುವ ಮೊದಲೇ ಹೇಳಿದೆ.

"ಗಂಗಕ್ಕಾ, ನೀ ಬಡದದ್ದು ನನ್ನ ಕೈಗೆ ಹತ್ತಿತ್ತು."

"ಎರಡ ಸಲ?"

"ಎರಡ ಸಲ."

ಸುವರ್ಣಾ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿದಳು. ಗಂಗಕ್ಕ ನನ್ನ ಕಡೆ ತಿರುಗಿದಳು.

"ಮತ್ತ ಅವತ್ತ ನಾಲ್ಕ ಮಂದಿ ಮುಂದ ಬಾಳಿಹಣ್ಣ ತಿನ್ಕೊಂತ ಕುಂತ್ಯಲ್ಲೋ."

"ಹೌದು."

"ನನ್ನ ಮುಂದ ಹೇಳಾಕ ಬಂದಿ ಏನು? ನನಗ ಗೊತ್ತಿಲ್ಲೇನು ನಾ ಬಡದದ್ದು? ನಿಮ್ಮಪ್ಪ ಸ್ಟೂಲಿನ ಮ್ಯಾಲ ನಿಂತಿದ್ದ ನೋಡು, ಅವನ ಹೊಟ್ಟ್ಯಾಗ ಹುಟ್ಟಿದವನ ನೀನು? ಹೋಗು, ಓಣ್ಯಾಗ ಹೇಳು. ಆಮ್ಯಾಲ ಬಂದು ಕುಂಡ್ರು."

ಹೋದೆ. ಹಿರಿಯರ ನಾಲ್ಕು ಮನೆಗಳ ಕಟ್ಟೆ ಹತ್ತಿದೆ. ಎಲ್ಲಿ ನಿಂತಿದ್ದೆ, ಕೈ ಎಲ್ಲಿತ್ತು, ಏನು ಹತ್ತಿತು, ಏನಂದೆ, ಎಲ್ಲ ಹೇಳಿದೆ. ಒಬ್ಬರು "ಈಗ್ಯಾಕ್ರಿ ಮಾಸ್ತರ, ಆದದ್ದ ಆತು" ಅಂದರು. ಆಗಿಲ್ಲ, ಆಗುತ್ತಲೇ ಇದೆ ಅಂದೆ. ನಾಲ್ಕನೆಯ ಕಟ್ಟೆ ಇಳಿಯುವ ಹೊತ್ತಿಗೆ ಈರಣ್ಣ ಎದುರು ನಿಂತಿದ್ದ.

"ನೀ ಯಾರ ಕಡೆ ಅಣ್ಣಾ?"

"ಬಾಗಲದಿಂದ ಒಳಗ ಬಂದ್ರ ಎಡಕ್ಕ. ಗ್ವಾಡಿಯಿಂದ ಒಂದ ಮೊಳ ದೂರ" ಅಂದೆ.

ಅವನು ಕೈ ಚಾಚಿದ. "ಕೇಬಲ್ ಕೊಡು."

ನಾನು ಕೊಡಲಿಲ್ಲ. ಗಂಗಕ್ಕನ ಪಡಸಾಲೆಗೆ ಹಿಂತಿರುಗಿ ಅವಳ ಎಡಗೈಯಲ್ಲಿ ಇಟ್ಟೆ. ಅವಳು ತಿರುಗಿಸಿ ನೋಡಿದಳು. "ಇಷ್ಟ ಸಣ್ಣದೇನು?" ಅಂದಳು. ಎದ್ದು ಹೋಗಿ ನಡುಗೋಡೆಯ ಮಾಡದಲ್ಲಿಟ್ಟಳು, ಗೋಡೆಗೆ ಒತ್ತಿ, ಒಳಗೆ. ಹೊಸ್ತಿಲ ಹೊರಗೆ ನಿಂತಿದ್ದ ಈರಣ್ಣನಿಗೆ ಕೇಳುವಂತೆ ಅಂದಳು: "ಬೇಕಾದ್ರ ಅವನ ಬಂದು ಹೇಳ್ಲಿ, ಗ್ವಾಡಿಗೆ ದನಿ ಹೊಡೀತೀನಿ, ಸಾಮಾನ ಇಳಸ್ರಿ ಅಂತ. ಒಂದ ಸಲ ಬಡೀತೀನೋ ಎರಡ ಸಲ ಬಡೀತೀನೋ ಆಮ್ಯಾಲ ನೋಡೂಣು."

ಈರಣ್ಣ ಹೋದ. ಇದನ್ನು ಬರೆಯುವವರೆಗೆ ಬಂದಿಲ್ಲ. ಆ ವಾರ ಹಿರಿಯರೊಬ್ಬರ ಮನೆಯವರು ಗಂಗಕ್ಕನನ್ನು ಸೆರಗಿಗೆ ಕರೆದರು ಎಂದು ಸುವರ್ಣಾ ಫೋನಿನಲ್ಲಿ ಹೇಳಿದಳು. ನಾಲ್ಕು ಮನೆಗಳಲ್ಲಿ ಒಂದು. ನನ್ನ ಸಿಟ್ಟು ಇಳಿದಿಲ್ಲ. ಅದು ಈರಣ್ಣನ ಮೇಲೆ ಎಷ್ಟಿದೆಯೋ ಆ ಬಾಳೆಹಣ್ಣಿನ ಮೇಲೂ ಅಷ್ಟೇ ಇದೆ.

ನನ್ನ ಮಾತಷ್ಟೇ ಸಾಲದು ಎನ್ನುವವರಿಗೆ, ಕಂಡವರು ಇನ್ನೂ ನಾಲ್ವರಿದ್ದಾರೆ. ಕಸ್ತೂರಿ, ಬಾಗಿಲಲ್ಲಿ ನಿಂತು ಹೇಳಿಬಂದಿರಾ ಎಂದು ಕೇಳಿದವಳು. ಇದ್ದಾಳೆ, ಕೇಳಿದರೆ ಹೇಳುತ್ತಾಳೆ, ಗಂಡ ಮನೆಯಲ್ಲಿಲ್ಲದಾಗ ಕೇಳಿ. ಸುವರ್ಣಾ, ಕಲ್ಲು ಹೆಜ್ಜೆ ಹಾಕಿದ್ದನ್ನು ಕಂಡವಳು, ಇದ್ದಾಳೆ. ಈರಣ್ಣ, ರಿಮೋಟ್ ಹಿಡಿದಿದ್ದವನು. ಇದ್ದಾನೆ, ಕೊನೆಗೆ ಕೇಳಿ. ಗಂಗಕ್ಕ ಇದ್ದಾಳೆ. ಬಡಿದವಳು ಅವಳೇ, ಎರಡು ಸಲ.